ಗಾಳಿ ಹೀರುವ ಕುಕ್ಕರು

ಕೆಲವರಿಗೆ ನಗೋ ಪ್ರಸಂಗ ಹುಡುಕಿದರೂ ಸಿಗಲ್ಲವಂತೆ. ನನಗೆ ಮಾತ್ರ ಅವು ಅಂಗಡಿ ಬಾಗಿಲು ತೆಗೆಯೋಕೆ ಮುಂಚೆಯೇ ಬಂದು ಕಾಯ್ತಾ ನಿಂತಿರುತ್ತವೆ. ಸಂಜೆ ಮನೆಗೆ ಹೋಗಿ ಹೆಂಡತಿಗೆ ಹೇಳಿ ಅವಳನ್ನು ನಗಿಸೋದು ನನ್ನ ಅಭ್ಯಾಸ. ಆ ವರ್ಷ ನಗಬೇಕಾದವಳು ಮಂಡ್ಯದಲ್ಲಿ ಮುನಿಸಿಕೊಂಡು ಕೂತಿದ್ದಳು.

ಸೊಪ್ಪು

ನಾವಿರೋದು ಅಮೆರಿಕಾದ ಡಬ್ಲಿನ್‌ನಲ್ಲಿ. ನನ್ನ ಕೆಲಸ ಪಕ್ಕದೂರು ಲಿವರ್‌ಮೋರ್‌ನ ಒಂದು ಅಂಗಡಿಯಲ್ಲಿ. ಮಾರೋದು ವ್ಯಾಕ್ಯೂಮ್ ಚೇಂಬರು. ದಪ್ಪ ಸ್ಟೀಲಿನ ಪಾತ್ರೆ, ಮೇಲೆ ಗಾಜಿನ ಮುಚ್ಚಳ, ಪಕ್ಕದಲ್ಲಿ ಗಾಳಿ ಹೀರೋ ಪಂಪು. ಇಲ್ಲಿ ಲೈಸೆನ್ಸು ಪಡೆದವರು ಗಾಂಜಾದಿಂದ ಎಣ್ಣೆ ತೆಗೀತಾರೆ. ಅದನ್ನು ತೆಗೆಯೋಕೆ ಹಾಕಿದ ದ್ರಾವಕ ಎಣ್ಣೆಯಲ್ಲಿ ಉಳಿದರೆ ಸೇವಿಸಿದವನ ಗತಿ ಕೆಟ್ಟ ಹಾಗೆ. ಚೇಂಬರಿನಲ್ಲಿಟ್ಟು ಗಾಳಿ ಹೀರಿದರೆ ಅದು ಗುಳ್ಳೆ ಗುಳ್ಳೆಯಾಗಿ ಎದ್ದು ಹೊರಟುಹೋಗುತ್ತೆ. ಎಲ್ಲಾ ಕಾನೂನಿನ ಪ್ರಕಾರವೇ. ಆದರೆ ಇದನ್ನು ಮಂಡ್ಯದಲ್ಲಿ ಹೇಳೋದು ಹೇಗೆ? ನಮ್ಮಾಕೆ ಜಾಣೆ. ತವರಿನವರಿಗೆಲ್ಲ "ನಮ್ಮನೆಯವರು ಕುಕ್ಕರ್ ಅಂಗಡೀಲಿದ್ದಾರೆ" ಅಂತ ಹೇಳಿಟ್ಟಿದ್ದಳು. ನೋಡೋಕೂ ಹಾಗೇ ಇದೆ ಬಿಡಿ.

ಯುಗಾದಿ ಕಳೆದ ಮೇಲೆ ತಂಗಿ ಮಗಳ ಬಾಣಂತನಕ್ಕೆ ಅಂತ ಊರಿಗೆ ಹೋದಳು. ಅಲ್ಲಿ ನನ್ನ ಬಾಮೈದ ಮಹಾಶಯ ಫೋನಿನಲ್ಲಿ ನಮ್ಮ ಅಂಗಡಿ ಹೆಸರು ಹುಡುಕಿ, ತೊಟ್ಟಿಲು ಶಾಸ್ತ್ರಕ್ಕೆ ಬಂದ ನೆಂಟರೆಲ್ಲರ ಮುಂದೆ, "ಭಾವ ಅಮೆರಿಕಾದಲ್ಲಿ ಸೊಪ್ಪಿನ ವ್ಯಾಪಾರ ಮಾಡ್ತಾರೆ" ಅಂದುಬಿಟ್ಟ. ಸೊಪ್ಪು ಅಂದರೆ ಗಾಂಜಾ ಅಂತ ಅರ್ಥವಾದವರು ತಲೆ ತಗ್ಗಿಸಿದರು. ನಮ್ಮಾಕೆಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತಂತೆ. "ಆ ಕೆಲಸ ಬಿಡಿ, ಆಮೇಲೆ ಬರ್ತೀನಿ" ಅಂತ ಫೋನಿನಲ್ಲೇ ತೀರ್ಪು ಕೊಟ್ಟಳು.

ಅರ್ಥವಾಗದವರು ಒಬ್ಬರಿದ್ದರು, ಅವಳ ಸೋದರತ್ತೆ. ಅವರು ಫೋನು ಕಿತ್ತುಕೊಂಡು, "ಒಳ್ಳೇ ಕೆಲಸ ಕಣಪ್ಪಾ! ಅಲ್ಲಿ ದಂಟಿನ ಸೊಪ್ಪು ಹೆಚ್ಚು ಓಡುತ್ತೋ, ಸಬ್ಬಸಿಗೆಯೋ?" ಅಂದರು.

ಎಷ್ಟು ವಿಶಲ್ಲು?

ಅವಳು ಬರಲ್ಲ ಅಂದ ವಾರವೇ, ಇಲ್ಲೇ ಬೆಟ್ಟದ ಪಕ್ಕದ ದೇವಸ್ಥಾನಕ್ಕೆ ಬಂದಿದ್ದ ಹಾಸನದ ಕಡೆಯ ಅಜ್ಜಿಯೊಬ್ಬರು ಅಂಗಡಿಗೆ ಬಂದರು. ಮಗಳು ಪಕ್ಕದಂಗಡೀಲಿ ಕಾರಿನ ಟೈರು ಹಾಕಿಸ್ತಿದ್ದಳು. ಕಿಟಕಿಯಲ್ಲಿ ಪಾತ್ರೆಗಳು ಕಂಡಿವೆ, ಕಾಲು ತಾನಾಗಿ ಒಳಗೆ ಬಂದಿದೆ. ನಾನು ಕನ್ನಡದವನು ಅಂತ ಗೊತ್ತಾಗಿದ್ದೇ ತಡ, ಕುರ್ಚಿ ಎಳೆದುಕೊಂಡು ಕೂತರು.

"ಏನಪ್ಪಾ, ಈ ಕುಕ್ಕರಲ್ಲಿ ಅನ್ನಕ್ಕೆ ಎಷ್ಟು ವಿಶಲ್ಲು?"

"ಅಮ್ಮಾ, ಇದು ಆ ಕುಕ್ಕರಲ್ಲ. ಅದು ಒಳಗೆ ಒತ್ತಡ ತುಂಬುತ್ತೆ, ಇದು ಒಳಗಿರೋದನ್ನೆಲ್ಲ ಹೀರಿ ಹೊರಗೆ ಹಾಕುತ್ತೆ. ಪೂರ್ತಿ ಉಲ್ಟಾ."

ಅಜ್ಜಿ ಮುಚ್ಚಳ ಎತ್ತಿದರು, ಕೆಳಗಿನ ರಬ್ಬರು ಎಳೆದು ನೋಡಿದರು. ಎಷ್ಟೋ ದಿನದ ಮೇಲೆ ಎದುರಿಗೆ ಕೂತು ಒಬ್ಬರು ನನ್ನ ಹತ್ತಿರ ಕನ್ನಡದಲ್ಲಿ ಮಾತಾಡ್ತಿದ್ದರು. ಟೈರು ಹಾಕೋನು ಇನ್ನೂ ಸ್ವಲ್ಪ ನಿಧಾನ ಮಾಡಲಪ್ಪಾ ಅಂತ ಬೇಡಿಕೊಂಡೆ.

ಅಜ್ಜಿ ಕೊನೆಗೆ ಕೇಳಿದರು: "ಉಲ್ಟಾ ಅಂದ್ರೆ? ಬೆಂದಿರೋದನ್ನ ಹಸಿ ಮಾಡುತ್ತಾ?"

ಊದಿದ್ದು ಯಾರು

ನಮ್ಮ ಗಿರಾಕಿಗಳದ್ದು ಒಂದೇ ಬೇಡಿಕೆ: ಅಗ್ಗವಾಗಿರಬೇಕು, ಒಡೀಬಾರದು. ಎರಡೂ ಒಟ್ಟಿಗೆ ಬೇಕು ಅಂದರೆ ನನಗೆ ಪಿತ್ತ ನೆತ್ತಿಗೇರುತ್ತೆ. ಪ್ಲಾಸ್ಟಿಕ್ ಮುಚ್ಚಳದ್ದು ಅಗ್ಗ, ನಿಜ. ಆದರೆ ದ್ರಾವಕದ ಹಬೆ ತಾಗಿ ತಾಗಿ ಅದರಲ್ಲಿ ಕೂದಲೆಳೆಯಂಥ ಬಿರುಕು ಏಳುತ್ತೆ. ಒಂದು ದಿನ ಪಟ್ ಅಂತ ಒಳಕ್ಕೆ ಕುಸಿಯುತ್ತೆ. "ದಪ್ಪ ಗಾಜಿನದ್ದೇ ತಗೊಳ್ಳಿ, ಪಾತ್ರೆ ಬೇಕಾದರೆ ಚಿಕ್ಕದಾಗಲಿ" ಅಂತ ಬಾಯಿ ನೋಯೋವರೆಗೂ ಹೇಳ್ತೀನಿ.

ಗಡ್ಡ ಬಿಟ್ಟ ಒಬ್ಬ ದೊಡ್ಡಾಳು ಕೇಳಿದ, "ಒಳಕ್ಕೆ ತಾನೇ ಕುಸಿಯೋದು? ನಾನು ಹೊರಗಿರ್ತೀನಲ್ಲ?"

"ಸ್ವಾಮಿ, ಗುಳ್ಳೆ ಬಂತಾ ಅಂತ ಮೂಗು ಇಟ್ಟು ನೋಡೋರು ಯಾರು?"

ಮೂಗು ಮುಟ್ಟಿಕೊಂಡು ಹೋದವನು ಮರುವಾರ ತನ್ನ ಹಳೇ ಚೇಂಬರು ಹೊತ್ತು ತಂದ. ಎಷ್ಟು ಹೀರಿದರೂ ಗಾಳಿ ಮತ್ತೆ ಒಳಗೆ ನುಗ್ಗುತ್ತಂತೆ. ತೆಗೆದು ನೋಡಿದರೆ ರಬ್ಬರು ಹರಿದ ಕಡೆಗೆಲ್ಲ ಚೂಯಿಂಗ್ ಗಮ್ ಮೆತ್ತಿದ್ದಾನೆ! ಪಂಪು ಹಾಕಿದೆ. ಹೊರಗಿನ ಗಾಳಿ ಗಮ್ಮನ್ನು ಒಳಕ್ಕೆ ತಳ್ಳಿ, ನಿಂಬೆಹಣ್ಣಿನ ಗಾತ್ರದ ಗುಲಾಬಿ ಗುಳ್ಳೆ ಎದ್ದಿತು.

ಅವನು ಬೆರಗಾಗಿ ನೋಡಿದ. "ಛೇ, ಚಿಕ್ಕಂದಿನಿಂದ ಪ್ರಯತ್ನ ಮಾಡ್ತಿದ್ದೀನಿ, ನನಗೆ ಇಷ್ಟು ದೊಡ್ಡದು ಯಾವತ್ತೂ ಬಂದಿಲ್ಲ!"

ಹೊಸ ರಬ್ಬರು ಹಾಕಿಕೊಟ್ಟೆ. ಸಂಜೆ ಇದನ್ನು ಹೆಂಡತಿಗೆ ಹೇಳೋಣ ಅಂತ ಫೋನು ಮಾಡಿದೆ. "ಮಗು ಅಳ್ತಿದೆ" ಅಂತ ಇಟ್ಟಳು. ಆ ನಗು ನನ್ನ ಹೊಟ್ಟೆಯಲ್ಲೇ ಉಳಿಯಿತು.

ತಳಿ

ಶನಿವಾರ ಗಿರಾಕಿಗಳ ಮುಂದೆ ಚೇಂಬರು ನಡೆಸಿ ತೋರಿಸಬೇಕು. ಮೆತ್ತನೆಯ ಸಕ್ಕರೆ ಮಿಠಾಯಿ ಒಳಗಿಟ್ಟು, ಅದು ಉಬ್ಬೋದನ್ನು ತೋರಿಸೋದು ನಮ್ಮ ಓನರಿನ ಪದ್ಧತಿ. ಆವತ್ತು ಮಿಠಾಯಿ ಖಾಲಿ. ಕಾರಿನಲ್ಲಿ ಇಂಡಿಯನ್ ಗ್ರೋಸರಿಯಿಂದ ತಂದ ಇಡ್ಲಿ ಹಿಟ್ಟಿನ ಡಬ್ಬಿ ಇತ್ತು. ನಮ್ಮಾಕೆ ಇದ್ದಿದ್ದರೆ ಅಂಗಡಿ ಹಿಟ್ಟಿಗೆ ನಮ್ಮನೆಯಲ್ಲಿ ಪ್ರವೇಶವೇ ಇರ್ತಿರಲಿಲ್ಲ. ಇರಲಿ ಅಂತ ಒಂದು ಲೋಟ ಹಿಟ್ಟು ಒಳಗಿಟ್ಟು ಪಂಪು ಹಾಕಿದೆ.

ಹುದುಗಿದ ಹಿಟ್ಟು, ಕೇಳಬೇಕಾ? ಲೋಟ ದಾಟಿತು, ಪಾತ್ರೆ ತುಂಬಿತು, ಗಾಜಿಗೆ ಮೆತ್ತಿಕೊಂಡಿತು. ನಾನು "ಅಯ್ಯಯ್ಯೋ" ಅಂತ ಸ್ವಿಚ್ಚು ಹುಡುಕುವಷ್ಟರಲ್ಲಿ ಪಂಪು ಕೂಡ ಒಂದು ತುತ್ತು ತಿಂದಿತ್ತು. ಸುತ್ತ ನಿಂತವರು ಚಪ್ಪಾಳೆ ಹೊಡೆದರು. ಜಡೆ ಹಾಕಿದ್ದ ಒಬ್ಬ ಗಿರಾಕಿ ನನ್ನ ಕಿವಿ ಹತ್ತಿರ ಬಂದು ಭಕ್ತಿಯಿಂದ ಪಿಸುಗುಟ್ಟಿದ: "ಇದು ಯಾವ ತಳಿ?"

"ಉದ್ದು" ಅಂದೆ.

"ಊ... ಡೂ" ಅಂತ ಅವನು ಜಪ ಮಾಡಿಕೊಂಡೇ ಹೋದ.

ನೆಟ್‌ವರ್ಕು

ಗಣೇಶನ ಹಬ್ಬವೂ ಬಂತು. ಬಾಣಂತಿ ಎದ್ದು ಓಡಾಡ್ತಿದ್ದಾಳೆ, ಬಾಣಂತನಕ್ಕೆ ಹೋದವಳು ಮಾತ್ರ ಬರಲಿಲ್ಲ. ಒಂದು ಬೆಳಗ್ಗೆ ಅಂಗಡಿ ಕೌಂಟರಿನಲ್ಲಿ ತಿಂಡಿಗೆ ತಣ್ಣನೆಯ ಮೊಸರನ್ನ ಮುಂದಿಟ್ಟುಕೊಂಡಿದ್ದೆ, ಅವಳ ಫೋನು ಬಂತು.

"ತಿಂಡಿ ಆಯ್ತಾ?"

ಅಷ್ಟೇ ಕೇಳಿದ್ದು. ನನಗೆ ತಡೆಯೋಕಾಗಲಿಲ್ಲ. "ಅಂಗಡೀಲಿ ಸಿಗೋ ನುಗ್ಗೆಸೊಪ್ಪು ಐಸಿನಲ್ಲಿ ಕಲ್ಲಾಗಿರುತ್ತೆ. ಅದರ ಬಸ್ಸಾರು ಬಸ್ಸಾರೇ ಅಲ್ಲ. ನೀನಿಲ್ಲದೆ ಮನೆಗೆ ಹೋಗೋಕೆ ಬೇಜಾರು ಕಣೇ. ಬೇಕಾದರೆ ಕೆಲಸ ಬಿಡ್ತೀನಿ, ಬಂದುಬಿಡು" ಅಂದೆ.

ಆ ಕಡೆಯಿಂದ, "ರೀ, ನೆಟ್‌ವರ್ಕು ಸರಿಯಿಲ್ಲ. ಇನ್ನೊಂದ್ಸಲ ಹೇಳಿ."

ಜೋರಾಗಿ ಹೇಳಿದೆ. ಗಿರಾಕಿಗಳು ತಿರುಗಿ ನೋಡಿದರು. ಮತ್ತೆ ಕೇಳಿಸಲಿಲ್ಲ ಅಂದಳು. ನಾಚಿಕೆ ಬಿಟ್ಟು, "ನೀನಿಲ್ಲದೆ ನಂಗೆ ಬೇಜಾರು!" ಅಂತ ಕೂಗಿದೆ. ಓನರು ಒಳಗಿನ ರೂಮಿನಿಂದ ಓಡಿ ಬಂದ.

ಆಗ ಫೋನಿನಲ್ಲಿ ಬಾಮೈದನ ದನಿ: "ಭಾವ, ಸೋದರತ್ತೆಗೆ ಇನ್ನೂ ಸರಿಯಾಗಿ ಕೇಳಿಸಲಿಲ್ಲವಂತೆ. ಸ್ಪೀಕರಿಗೆ ಹಾಕಿದ್ದೀವಿ, ಇನ್ನೊಂದ್ಸಲ!"

ಹಿಂದೆ ಇಡೀ ಮನೆ ಗೊಳ್ಳೆಂದಿತು. ಆ ಗದ್ದಲದಲ್ಲಿ ಅವಳ ನಗು ನನಗೆ ಬೇರೆಯಾಗಿ ಕೇಳಿಸಿತು. "ಕೆಲಸ ಗಿಲಸ ಬಿಡಬೇಡಿ. ಬಿಟ್ಟು ಮನೇಲಿ ಕೂತು ನನ್ನ ಅಡುಗೆಮನೆಗೆ ಮೇಸ್ತ್ರಿ ಆಗ್ತೀರಾ? ನಾನೇ ಬರ್ತೀನಿ" ಅಂದಳು.

ನಾಯಿ ಕೂತಿತು

ಏರ್‌ಪೋರ್ಟಿಗೆ ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ಅವಳ ವಿಮಾನದವರೆಲ್ಲ ಬಂದರು, ಅಪ್ಪಿಕೊಂಡರು, ಹೊರಟೂ ಹೋದರು. ಇವಳಿಲ್ಲ. ಕೊನೇ ಗಳಿಗೆಯಲ್ಲಿ ಮನಸ್ಸು ಬದಲಾಯಿಸಿ ವಿಮಾನ ಹತ್ತಲೇ ಇಲ್ಲವೇನೋ ಅಂತ ಅನುಮಾನ ಬಂತು. ಫೋನು ಮಾಡಿದರೆ ಎತ್ತಲ್ಲ. ನನಗೆ ಕಣ್ಣಲ್ಲಿ ನೀರೇ ಬಂತು.

ಎಲ್ಲ ಖಾಲಿಯಾದ ಮೇಲೆ, ಪೆಟ್ಟಿಗೆಗಳ ಗಾಡಿ ದಬ್ಬಿಕೊಂಡು ಬಂದಳು. ಮುಖ ಕೆಂಪು. ಒಂದು ಪೆಟ್ಟಿಗೆಯ ಜಿಪ್ಪು ಬಾಯಿ ಬಿಟ್ಟು, ಸೀರೆ ಸೆರಗು ನೆಲ ಗುಡಿಸ್ತಿದೆ.

"ಏನಾಯ್ತೇ?"

"ಏನಾಯ್ತಾ? ನಿಮಗೆ ಬಸ್ಸಾರು ಮಾಡೋಣ ಅಂತ ಹಿತ್ತಲಿಂದ ನುಗ್ಗೆಸೊಪ್ಪು ಕಿತ್ತು, ಸೀರೆ ಮಡಿಕೆಯಲ್ಲಿಟ್ಟು ತಂದಿದ್ದೆ. ಕಸ್ಟಮ್ಸ್‌ನವರ ಒಂದು ಪುಟ್ಟ ನಾಯಿ ಮೂಸಿಕೊಂಡು ಬಂದು ನನ್ನ ಪೆಟ್ಟಿಗೆ ಪಕ್ಕ ಕೂತ್ಕೊಂತು. ಏಳು ಅಂದ್ರೂ ಏಳಲಿಲ್ಲ. ಎಲ್ಲಾ ಬಿಚ್ಚಿಸಿದರು. ಹಸಿ ಸೊಪ್ಪು ಈ ದೇಶಕ್ಕೆ ತರಬಾರದಂತೆ, ಕಿತ್ಕೊಂಡು ಕಸಕ್ಕೆ ಹಾಕಿದರು!"

ನಾನು ಅವಳ ಕೈ ಹಿಡಿದುಕೊಂಡೆ. ಅವಳು ಕಿತ್ತುಕೊಳ್ಳಲಿಲ್ಲ, ಆದರೆ ಬಾಯಿಯನ್ನೂ ನಿಲ್ಲಿಸಲಿಲ್ಲ.

"ಏನ್ ನ್ಯಾಯಾರೀ ಇದು? ಇಷ್ಟು ವರ್ಷದಿಂದ ಸೊಪ್ಪಿನ ವ್ಯಾಪಾರದಲ್ಲಿ ಇರೋರು ನೀವು, ನಿಮ್ಮನ್ನ ಒಬ್ಬರೂ ಹಿಡೀಲಿಲ್ಲ. ನಾನು ಒಂದು ಹಿಡಿ ತಂದೆ, ಹಿಡ್ಕೊಂಡ್ರು!"