ಆರಿಸಬಾರದ ಪೆಟ್ಟಿಗೆಗೆ ಆಯುಧಪೂಜೆ

ಸೊಸೆ ನಾಗಲಕ್ಷ್ಮಿಯ ಕಂಪ್ಯೂಟರು ಬಂದಾಗಿನಿಂದ ನನ್ನ ಎದೆ ನೆಟ್ಟಗೆ ಬಡಿದುಕೊಂಡದ್ದಿಲ್ಲ. ಗುಂಡ್ಲುಪೇಟೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅವಳು ಹುಡುಗರಿಗೆ ಕಂಪ್ಯೂಟರ್ ಕ್ಲಾಸು ನಡೆಸುತ್ತಾಳೆ. ಅಲ್ಲಿರುವ ಪೆಟ್ಟಿಗೆಗಳೆಲ್ಲ ಸಂಜೆಗೆ ಆರಿ ಮಲಗುತ್ತವೆ; ಮೂಲೆಯದೊಂದು ಮಾತ್ರ ಆರುವಂತಿಲ್ಲ. ಅದು ‘ಸರ್ವರ್’ ಅಂತೆ. ಒಳಗೆ ಕೂತು ಅದನ್ನು ಆಡಿಸುವವನ ಹೆಸರು ಲಿನಕ್ಸ್. ಯಾವುದೋ ಪತ್ರಿಕೆಯ ಜೊತೆ ಬಂದ ತೆಳ್ಳನೆಯ ಸಿ.ಡಿ.ಯಿಂದ ಇವಳೇ ಅವನನ್ನು ಒಳಗಿಳಿಸಿದ್ದು.

“ಯಾರವ್ವ ಮಾಡಿದ್ದು ಇದ?” ಎಂದು ಕೇಳಿದೆ.

“ದೇಶದೇಶದೋರು ಒಂದೊಂದು ತುಂಡು ಮಾಡಿ, ಸೇರ್ಸಿ, ಪುಕ್ಕಟೆ ಕೊಟ್ಟವ್ರೆ ಅತ್ತೆ.”

“ಪುಕ್ಕಟೆ ಕೊಟ್ಟೋರು ಕರೆಂಟ್ ಬಿಲ್ಲೂ ಕಟ್ಟಾರಾ, ಕೇಳು,” ಎಂದರು ನಮ್ಮ ಯಜಮಾನರು, ಗುರುಪಾದಸ್ವಾಮಿಯವರು. ಮನೆಯ ದೀಪಗಳನ್ನು ಆರಿಸುತ್ತ ತಿರುಗುವುದೇ ಅವರ ನಿತ್ಯವ್ರತ. (ನಾನು ಒಳಗೆ ಒಗ್ಗರಣೆ ಹಾಕುತ್ತಿರುವಾಗಲೇ ಅಡಿಗೆಮನೆಯ ದೀಪ ಆರಿಸಿ, ಆಮೇಲೆ ಸಾರಿಗೆ ಉಪ್ಪು ಹೆಚ್ಚಾಯಿತು ಎನ್ನುವ ಮಹಾನುಭಾವರು.)

ಸರ್ವರ್ ಮಾಡುವ ಕೆಲಸ ಇಷ್ಟೇ. ಈರುಳ್ಳಿ ಮಂಡಿಯ ಮರಿಮಲ್ಲಪ್ಪನವರ ಆಫೀಸಿನ ಕಂಪ್ಯೂಟರು ಫೋನ್ ಮಾಡಿ ಕೇಳುತ್ತದೆ. ನಮ್ಮದು ಬೇರೆ ಊರುಗಳ ಧಾರಣೆ ಹೇಳುತ್ತದೆ. ಒಂದು ಸಲ ರಿಸೀವರ್ ಎತ್ತಿ ಕೇಳಿದ್ದೇನೆ. ಜಗಳಕ್ಕೆ ನಿಂತ ಓರಗಿತ್ತಿಯರೂ ಅಷ್ಟು ಕೀಚಲಾಗಿ ಮಾತಾಡಲಾರರು. ಮರಿಮಲ್ಲಪ್ಪನವರು ಮೊದಲೇ ಹೇಳಿಬಿಟ್ಟಿದ್ದರು: “ನಾನು ಬಂದು ನೋಡಗಂಟ ಅದು ಒಂದ್ಸಲನೂ ನಿಲ್ಕೂಡ್ದು ಕಣವ್ವ. ನಿಲ್ದೆ ಇದ್ರೆ ಮಂಡಿಯೋರೆಲ್ಲರ ಕೆಲ್ಸನೂ ನಿಂಗೇ.” ಕ್ಲಾಸಿಗೆ ಹುಡುಗರು ಕಮ್ಮಿಯಾಗುತ್ತಿದ್ದ ಕಾಲ ಅದು. ಕರೆಂಟು ಹೋದಾಗಲೆಲ್ಲ ಸೊಸೆ ಆ ಪೆಟ್ಟಿಗೆಯ ಬ್ಯಾಟರಿಯ ಪಕ್ಕದಲ್ಲೇ, ಬಾಣಂತಿ ಹತ್ತಿರ ಕೂತ ಹಾಗೆ ಕೂತಿರುತ್ತಿದ್ದಳು. ಅವಳ ಮುಖ ನೋಡಿ ನನಗೂ ಊಟ ಸೇರುತ್ತಿರಲಿಲ್ಲ.

ಮರಿಮಲ್ಲಪ್ಪನವರು ಬರುತ್ತೇನೆಂದದ್ದು ಆಯುಧಪೂಜೆಯ ದಿನ; ಮಂಡಿಗೆ ಅಂದು ರಜ. ಸೊಸೆ ಚಾಮರಾಜನಗರದ ತವರಿನ ಅಂಗಡಿ ಪೂಜೆಗೆ ಬೆಳಗಿನ ಬಸ್ಸಿಗೆ ಹೊರಟಳು.

“ಮದ್ಯಾನ್ಕೆ ಬಂದ್ಬುಡ್ತೀನಿ ಅತ್ತೆ. ಹೂವ ಮಾತ್ರ ಇಡಿ. ನೀರು ಬ್ಯಾಡ, ವಿಭೂತಿ ಬ್ಯಾಡ. ಮಾವ ಮುಟ್ಟದಂಗೆ ನೋಡ್ಕಳಿ.”

ಮಾವ ಅದಕ್ಕೇ ಕಾದಿದ್ದವರಂತೆ ಬಂದರು. “ಗುದ್ಲಿಗೂ ರಜ, ಮಗನ ಲಾರಿಗೂ ರಜ. ಇದೊಂದೇನು ಜೀತದಾಳಾ? ಆರ್ಸನ, ಬುಡು.”

“ಕೈ ತಗೀರಿ ಅತ್ಲಾಗೆ! ನಾನಿರಗಂಟ ಮುಟ್ಟಂಗಿಲ್ಲ.”

“ಏನಮ್ಮಿ, ನಂಗೆ ಒಂದಿನನಾದ್ರೂ ಇಂಗೆ ಕಾವ್ಲು ಕೂತಿದ್ದಾ?”

“ನಿಮ್ಮನ್ನ ಯಾರು ಕದ್ಕಂಡೋಗರು, ಕಾವ್ಲು ಕಾಯಕ್ಕೆ!”

ಹಾಗೆಂದು ಓಡಿಸಿದೆನೇ ಹೊರತು, ‘ಜೀತದಾಳಾ’ ಎಂದ ಅವರ ಮಾತು ಎದೆಯಲ್ಲಿ ಮುಳ್ಳಾಡಿಸಿತು. ಉಳಿದ ಸಾಮಾನುಗಳೆಲ್ಲ ತೊಳೆಸಿಕೊಂಡು, ವಿಭೂತಿ ಬಳಿಸಿಕೊಂಡು, ಹಾಯಾಗಿ ಒರಗಿದ್ದವು. ಇದೊಂದೇ ಮೂಲೆಯಲ್ಲಿ ಗುಂಯ್ ಎಂದು ದುಡಿಯುತ್ತಿತ್ತು. ಹಬ್ಬದ ದಿನ ಹೀಗೆ ದುಡಿಸಿಕೊಂಡ ಪಾಪ ಯಾರ ತಲೆಗೆ? ಚೆಂಡು ಹೂವಿನ ಮಾಲೆ ಹಾಕಿದೆ. ಸಾಲದೆನಿಸಿತು. ಸೊಸೆ ಬೇಡವೆಂದವುಗಳಲ್ಲಿ ಊದುಬತ್ತಿಯ ಹೆಸರಿರಲಿಲ್ಲ. ಹಚ್ಚಿದೆ. ಕಣ್ಣು ಮುಚ್ಚಿ, “ತಪ್ಪಾಯ್ತು ನಮ್ಮಪ್ಪ, ಒಟ್ಟೆಪಾಡು” ಎಂದು ಬಹಳ ಹೊತ್ತು ಬೇಡಿಕೊಂಡೆ.

ಕಣ್ಣು ಬಿಟ್ಟರೆ ಪರದೆಯೆಲ್ಲ ಕಪ್ಪು!

ಹಗಲೆಲ್ಲ ಯಾರಾದರೂ ಅದರ ಮುಂದೆ ಕೂತು ಕುಟ್ಟುತ್ತಲೇ ಇರುತ್ತಿದ್ದರಿಂದ ಅದು ಕಪ್ಪಾದದ್ದನ್ನು ನಾನು ಕಂಡಿರಲೇ ಇಲ್ಲ. ಕಿವಿಯಿಟ್ಟು ಕೇಳಿದೆ. ಗುಂಯ್ ಸದ್ದು ಇತ್ತು. ಉಸಿರಿದೆ, ಎಚ್ಚರವಿಲ್ಲ! ಊದುಬತ್ತಿಯ ಹೊಗೆ ಮೂಗಿಗೆ ಹೋಗಿ ಮೂರ್ಛೆ ಬಂದಿದೆ ಎಂದು ಮೊರ ತಂದು ಬೀಸಿದೆ. ಏಳಲಿಲ್ಲ.

“ನಮ್ಮ ಟಿ.ವಿ. ಇಂಗಾದ್ರೆ ಗುಂಡಿ ಒತ್ತಲ್ವ? ತಡಿ, ನಾನೇ ಒತ್ತೀನಿ,” ಎಂದು ಯಜಮಾನರು ಮುಂದೆ ಬಂದರು.

“ನಿಮ್ ಕೈಗುಣ ಬ್ಯಾಡ, ದೂರ ನಿಂತ್ಕಳಿ!” ಎಂದು ಅವರನ್ನು ತಳ್ಳಿ, ಕೆಳಗಿನ ಡಬ್ಬದಲ್ಲಿದ್ದ ಹುಣಿಸೆಬೀಜದಷ್ಟು ಗುಂಡಿಯನ್ನು ನಾನೇ ಒತ್ತಿದೆ.

ಕೀಕ್ ಎಂದಿತು. ಪರದೆ ಬೆಳಗಿತು. ಬದುಕಿದೆಯಾ ಮಗನೇ ಎಂದುಕೊಳ್ಳುವಷ್ಟರಲ್ಲಿ ಅಕ್ಷರಗಳು ಸುರಿಯತೊಡಗಿದವು. ಸಾಲಿನ ಮೇಲೆ ಸಾಲು, ಬೈದ ಹಾಗೆ. ನಿಲ್ಲುವ ಲಕ್ಷಣವೇ ಇಲ್ಲ. ನಾನು ಮತ್ತೆ ಮೊರ ಬೀಸುತ್ತಿರುವಾಗಲೇ ಮರಿಮಲ್ಲಪ್ಪನವರು ಒಳಗೆ ಬಂದರು.

“ಅಬ್ಬಬ್ಬಾ! ಹಬ್ಬದ ದಿನನೂ ಏನು ಚುರುಕಾಗದೆ ಅಕ್ಕ! ಯಾರೂ ಮುಟ್ದೆ ತಾನೇ ಬರ್ಕತಾ ಅದಲ್ಲ!”

“ಊಂ ಕಣಪ್ಪ,” ಎಂದೆ.

ಅಷ್ಟರಲ್ಲಿ ಸೊಸೆಯೂ ಬಂದಳು. ಅವರು ಅವಳ ಮುಂದೆಯೂ ಅದನ್ನೇ ಹೊಗಳಿದರು. ಅವಳು ಪರದೆ ನೋಡಿದಳು.

“ಅತ್ತೆ, ಇದು ಬಿದ್ದು ಎದ್ದದೆ. ಯಾರು ಗುಂಡಿ ಒತ್ತಿದ್ದು?”

“ನಾನಲ್ಲ!” ಎಂದರು ಯಜಮಾನರು, ಜನ್ಮದಲ್ಲಿ ಮೊದಲ ಸಲ ನಿರಪರಾಧಿಯಾದ ಹಿಗ್ಗಿನಲ್ಲಿ. “ನನ್ನ ತಳ್ಬುಟ್ಟು ಇವಳೇ ಒತ್ತಿದ್ದು!”

“ಕಪ್ಪಾಗೋಗಿತ್ತಲ್ಲವ್ವ...”

“ಯಾರೂ ಮುಟ್ದೆ ಇದ್ರೆ ಪರದೆ ತಾನೇ ಕಪ್ಪಾಯ್ತದೆ ಅತ್ತೆ. ಒಳಗೆ ಅದು ಚೆನ್ನಾಗೇ ಇತ್ತು.” ಅವಳ ಕಣ್ಣಲ್ಲಿ ನೀರು. ಆದರೂ ಮರಿಮಲ್ಲಪ್ಪನವರಿಗೆ ಸುಳ್ಳು ಹೇಳಲಿಲ್ಲ. “ನಿಂತಿತ್ತು ಅಣ್ಣ. ನೀವ್ ನೋಡಿದ್ದು ಕೆಲ್ಸ ಅಲ್ಲ. ಬಿದ್ದದ್ದಕ್ಕೆ ಏನಾರ ಮುರ್ದದಾ ಅಂತ ಅದೇ ಮೈಯೆಲ್ಲ ತಡ್ಕಂಡು ನೋಡ್ಕತಿತ್ತು.”

ನನ್ನ ಕೈಯಲ್ಲಿದ್ದ ಮೊರ ಜಾರಿತು. ಮುಗಿಯಿತು ಎಂದುಕೊಂಡೆ. ಮರಿಮಲ್ಲಪ್ಪನವರು ಗಲ್ಲ ಕೆರೆದುಕೊಂಡರು.

“ಧಾರಣೆ ಎಲ್ಲ ಓಯ್ತಾ?”

ಅವಳು ಕುಟ್ಟಿ ನೋಡಿದಳು. “ಇಲ್ಲ. ಎಲ್ಲ ಇದ್ದಂಗೇ ಅದೆ.”

“ನಮ್ಮ ಆಪೀಸಿಂದು ಬಿದ್ರೆ ಮೈಸೂರಿಂದ ಜನ ಬರಗಂಟ ಏಳಲ್ಲ ಕಣವ್ವ. ಇದು ಬಿದ್ದು, ತಾನೇ ತಡ್ಕಂಡು, ತಾನೇ ಎದ್ದು ಕುಂತದಲ್ಲ! ನಂಗೆ ಇದೇ ಬೇಕು. ಕೆಲ್ಸ ನಿಂಗೇ. ಆದ್ರೆ ಒಂದ್ ಮಾತು. ಆ ಗುಂಡಿ ತಾವ ಯಾರ್ನಾದ್ರೂ ಒಬ್ರನ್ನ ಕಾವ್ಲು ಕೂರ್ಸು.”

ಯಾರಿಂದ ಕಾಯಬೇಕೆಂದು ಯಾರೂ ಕೇಳಲಿಲ್ಲ. ಎಲ್ಲರೂ ನನ್ನನ್ನೇ ನೋಡಿದರು. ಯಜಮಾನರು ಹೆಗಲ ವಸ್ತ್ರ ಸರಿಮಾಡಿಕೊಂಡರು.

ಅಂದಿನಿಂದ ಕುರ್ಚಿ ಎಳೆದುಕೊಂಡು ಅವರದೇ ಪಹರೆ. ಬೆಳಿಗ್ಗೆ ನಾನು ಆ ಮೂಲೆ ಗುಡಿಸಲು ಹೋದರೆ ಊರುಗೋಲು ಅಡ್ಡ ಬರುತ್ತದೆ.

“ಅಲ್ಲೇ ನಿಂತ್ಕಳಮ್ಮಿ. ಪೊರ್ಕೆ ಮಾತ್ರ ಒಳೀಕ್ ಬುಡು. ನೀನು ಬರ್ಬ್ಯಾಡ.”