ಹನ್ನೊಂದು ವರ್ಷ ಜಾರದ ಪಾವೂ

ವೈಮೇಯಾ ಊರಿನ ಮಂಜು ಹುಲ್ಲುಗಾವಲು ದಾಟಿ ಕಿಟಕಿಗೆ ಬಂದಾಗಲೆಲ್ಲ ಕಿಯೋಕಿ ಗೋಡೆಯ ಚಿತ್ರದ ಮುಂದೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದ. ಮೆರವಣಿಗೆ ಹೊರಟ ಕುದುರೆ ಸವಾರಿಯ ಹೆಂಗಸರು; ಎಲ್ಲರಿಗಿಂತ ಮುಂದೆ ಸವಾರಿಗೆಂದು ಸೊಂಟಕ್ಕೆ ಸುತ್ತುವ ಉದ್ದನೆಯ ಕೆಂಪು ಬಟ್ಟೆ, ಪಾವೂ, ಉಟ್ಟು, ಲೆಹುವಾ ಹೂವಿನ ಮಾಲೆ ಹಾಕಿದ ಒಬ್ಬಾಕೆ. ಕಣ್ಣು ಅರ್ಧ ಮುಚ್ಚಿದರೆ ಸಾಕು, ಆಕೆಯ ಕುದುರೆ ಚೌಕಟ್ಟು ದಾಟಿ ಮಂಜಿನೊಳಗೆ ನಡೆಯುತ್ತಿತ್ತು. ಪಾವೂವಿನ ನೆರಿಗೆಗಳು ಗಾಳಿಯಲ್ಲಿ ತೇಲುತ್ತಿದ್ದವು. ಆಕೆ ತಿರುಗಿ ನಗುವ ಹೊತ್ತಿಗೆ ಸರಿಯಾಗಿ ಅಡುಗೆಮನೆಯಿಂದ ಹೆಂಡತಿ ಹೌನಾನಿಯ ದನಿ ಬರುತ್ತಿತ್ತು.

"ಒಳ್ಳೇ ಜೀನು ಮಾರಿ ಕಾಗದ ತಂದ ಗಂಡ ಇಡೀ ದ್ವೀಪದಲ್ಲಿ ನೀನೊಬ್ನೇ. ಲಾಯದ ಕಿಟಕಿ ಗಾಜು ಒಡೆದಿದೆ. ಅಲ್ಲಿಗೆ ಅಳತೆ ಸರಿಹೋಗತ್ತೆ."

"ಇನ್ನೂರೇ ಪ್ರತಿ ಅಚ್ಚಾಗಿರೋದು ಕಣೇ. ಇದು ಮೂವತ್ತೇಳನೇದು."

"ಮಿಕ್ಕವು ಯಾರ್ಯಾರ ಕಿಟಕಿ ಮುಚ್ತಿವೆಯೋ."

ಕೊನೆಗೆ ಹಳೆಯ ಚಿತ್ರಗಳ ಬೆಲೆ ಕಟ್ಟುವ ಲಹೇಲಾ ಆಂಟಿಯನ್ನು ಕರೆಸುವುದೆಂದಾಯಿತು. (ಹರೆಯದಲ್ಲಿ ಆಂಟಿಯೂ ಪಾವೂ ಉಟ್ಟು ಮೆರವಣಿಗೆಯ ಮುಂದೆ ಸವಾರಿ ಮಾಡಿದವರು.) ಅವರು ಒಪ್ಪಿದರೆ ಚಿತ್ರ ಗೋಡೆಗೆ, ಇಲ್ಲವಾದರೆ ಲಾಯಕ್ಕೆ.

ಆಂಟಿ ಭೂತಗನ್ನಡಿ ಹಿಡಿದು ಪೆನ್ಸಿಲಿನ ಸಂಖ್ಯೆ, ಸಹಿ, ಕಾಗದದ ಅಂಚು ನೋಡಿದರು. "ಸಹಿ ಅಸಲಿ. ಕಾಗದಾನೂ ಚೆನ್ನಾಗಿದೆ."

ಕಿಯೋಕಿ ಹೆಂಡತಿಯತ್ತ ಚಕ್ರವರ್ತಿಯ ಗಾಂಭೀರ್ಯದಿಂದ ನೋಡಿದ. ಅಷ್ಟರಲ್ಲಿ ಭೂತಗನ್ನಡಿ ಕೆಂಪು ಪಾವೂವಿನ ಸೊಂಟದ ಬಳಿ ನಿಂತಿತು.

"ಸೊಂಟಕ್ಕೆ ಸಿಕ್ಕಿಸೋ ಕುಕುಯಿ ಕಾಯಿ ಒಂದೂ ಇಲ್ವಲ್ಲ? ಹೊಲಿಗೆಯಿಲ್ಲದ ಬಟ್ಟೆ ನಿಲ್ಲೋದೇ ಅದರಿಂದ. ಇದು ಗೇಟು ದಾಟೋದ್ರೊಳಗೆ ಜಾರಿಹೋಗತ್ತೆ."

"ಹನ್ನೊಂದು ವರ್ಷದಿಂದ ದಿನಾ ನೋಡ್ತಿದೀನಿ ಆಂಟಿ, ಒಂದ್ಸಲಾನೂ ಜಾರಿಲ್ಲ."

ಹೌನಾನಿ ಪೋಯಿ ಅಂಬಲಿಯ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟಳು. "ಓಹೋ, ಅದಕ್ಕೇ ಕಾಯ್ತಾ ಕೂತಿದ್ಯಾ?"

"ಪರೀಕ್ಷೆ ಮಾಡೇಬಿಡೋಣ," ಎಂದರು ಆಂಟಿ. "ಚಿತ್ರದಲ್ಲಿರೋ ಹಾಗೇ ಕಟ್ತೀನಿ. ಗೇಟಿನ ತನಕ ನಿಂತ್ರೆ ಚಿತ್ರ ಗೋಡೇಲೇ ಇರ್ಲಿ."

ಯಾರಿಗೆ ಕಟ್ಟುವುದೆಂದು ಕಿಯೋಕಿ ಕೇಳಲಿಲ್ಲ. ಇಬ್ಬರೂ ಆಗಲೇ ಅವನನ್ನು ನೋಡುತ್ತಿದ್ದರು.

ಗಜಗಟ್ಟಲೆ ಕೆಂಪು ಬಟ್ಟೆ ಸುತ್ತಿಸಿಕೊಂಡು, ಕೊರಳಿಗೆ ಮಾಲೆ ಹಾಕಿಸಿಕೊಂಡು ಅವನು ಕುದುರೆ ಹತ್ತಿದ. ಮಂಜು ಇಳಿಯಿತು. ಬಟ್ಟೆ ಎರಡೂ ಬದಿಗೆ ಹರಡಿ ತೇಲತೊಡಗಿತು. ಬೇಲಿ ಮರೆಯಾಯಿತು, ಮನೆ ಮರೆಯಾಯಿತು. ಹಿಂದೆ ಒಂದು ಮೆರವಣಿಗೆಯೇ ಬರುತ್ತಿರುವಂತೆ ಗೊರಸಿನ ಸದ್ದು. ಆಹಾ, ಇಂಥ ಸುಖವನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಗೇಟು ಹತ್ತಿರ ಬಂದಾಗ ಚಿತ್ರದ ಆಕೆಯಂತೆಯೇ ತಿರುಗಿ ನಕ್ಕ. ಅಷ್ಟಕ್ಕೇ ನಿಲ್ಲಿಸದೆ ರಾಣಿಯಂತೆ ಕೈಯನ್ನೂ ಬೀಸಿದ.

ಬಟ್ಟೆ ಜಾರಿತು. ಗೇಟಿನಾಚೆ ಚರ್ಚಿನಲ್ಲಿ ಹಾಡುವ ಹೆಂಗಸರು ಅಭ್ಯಾಸ ಮುಗಿಸಿ ಬರುತ್ತಿದ್ದರು. ಕಿಯೋಕಿಯ ಮೈಮೇಲೆ ಉಳಿದದ್ದು ಲೆಹುವಾ ಮಾಲೆ ಮತ್ತು ತೇಪೆ ಹಾಕಿದ ಚಡ್ಡಿ.

ಚಿತ್ರ ಲಾಯಕ್ಕೆ ಹೋಯಿತು. ಅದೇ ಮೊಳೆಗೆ ಹೌನಾನಿ ಗೇಟಿನ ಬಳಿ ನಿಂತು ತಾನು ತೆಗೆದಿದ್ದ ಅವನ ಆ ಗಳಿಗೆಯ ಫೋಟೋ ತೂಗುಹಾಕಿದಳು. "ಇದು ಒಂದೇ ಪ್ರತಿ," ಎಂದಳು, "ಬೆಲೆ ಕಟ್ಟೋಕಾಗಲ್ಲ."

ಒಂದಾಗಿ ಉಳಿಯಲಿಲ್ಲ. ಹಾಡುವ ಹೆಂಗಸರಿಗೆಲ್ಲ ಬೇಕಾಯಿತು, ಅವರ ಅಕ್ಕತಂಗಿಯರಿಗೂ ಬೇಕಾಯಿತು. ಲಹೇಲಾ ಆಂಟಿ ಒಂದೊಂದರ ಮೂಲೆಗೂ ಪೆನ್ಸಿಲಿನಿಂದ ಸಂಖ್ಯೆ ಬರೆದು ಕೊಡುತ್ತ ಕುಳಿತರು.

ಕಿಯೋಕಿ ಅವರ ಪಕ್ಕದಲ್ಲಿ ಮುದುರಿ ಕೂತು ತಗ್ಗಿದ ದನಿಯಲ್ಲಿ ಕೇಳಿಕೊಂಡ: "ಇನ್ನೂರಕ್ಕಾದ್ರೂ ನಿಲ್ಲಿಸಿ ಆಂಟಿ."