ಗುನ್ವೋರಳ ರಕ್ತಕ್ಕೆ ಹತ್ತಿದ ಮೊಲ

"ಯಂತ್ರ ಯಾಕೆ ಸುಳ್ಳು ಹೇಳುತ್ತೆ ಮಾರಾಯ್ತಿ? ಅದಕ್ಕೇನು ನಿನ್ನ ಮೇಲೆ ಹಗೆನಾ?" ಎಂದು ರಾಗ್ನರ್ ಕೇಳಿದ.

"ನಿನ್ನೆ ತಾನೇ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದೀನಿ. ಕೆಟ್ಟಿರೋದು ಯಂತ್ರ, ನನ್ನ ಹೃದಯ ಅಲ್ಲ," ಎಂದಳು ಗುನ್ವೋರ್.

ಗಂಡಹೆಂಡತಿ ಉಪ್ಸಾಲಾ ನಗರದ ಪ್ರಯೋಗಾಲಯವೊಂದರ ಹೊರಗೆ ಕೂತಿದ್ದರು. ಗುನ್ವೋರಳ ಹೃದಯಕ್ಕೆ ಪೆಟ್ಟಾಗಿದೆ ಎಂದು ರಕ್ತಪರೀಕ್ಷೆ ಎರಡು ಸಲ ಹೇಳಿತ್ತು. ಬೇರೆ ಯಾವ ಪರೀಕ್ಷೆಯಲ್ಲೂ ಏನೂ ಸಿಕ್ಕಿರಲಿಲ್ಲ. ಆದರೂ ಓಡಕೂಡದೆಂದು ವೈದ್ಯರ ಕಟ್ಟಪ್ಪಣೆಯಾಗಿತ್ತು. ಶನಿವಾರ ಮೊಲಗಳ ಜಿಗಿತದ ಪಂದ್ಯ. ಅಡ್ಡಪಟ್ಟಿ ಹಾರುವುದು ಮೊಲವೇ ಆದರೂ ಹಗ್ಗ ಹಿಡಿದು ಅದರ ಹಿಂದೆ ಓಡಬೇಕಾದವಳು ಗುನ್ವೋರ್. ಅವಳ ಮೊಲ ಬುಲ್ಲೆ ಇದೇ ಮೊದಲ ಸಲ ಕೊನೆಯ ಸುತ್ತಿಗೆ ಬಂದಿತ್ತು. ಅದು ಕೈತಪ್ಪುವುದನ್ನು ನೆನೆದಾಗ ಮಾತ್ರ ಅವಳ ಎದೆ ನಿಜವಾಗಿ ನೋಯುತ್ತಿತ್ತು.

ಪ್ರಯೋಗಾಲಯದ ತಂತ್ರಜ್ಞೆ ಸಿವ್ ಹೊರಗೆ ಬಂದು, ಮನೆಯಲ್ಲಿ ಪ್ರಾಣಿಗಳಿವೆಯೇ ಎಂದು ವಿಚಾರಿಸಿದಳು.

"ಒಬ್ಬ ಗಂಡ, ಒಂದಷ್ಟು ಮೊಲ."

"ಕಚ್ಚುತ್ತವಾ?"

"ಮೊಲಗಳು ಕಚ್ಚುತ್ತವೆ."

ಸಿವ್ ನಗುತ್ತ ಬಿಡಿಸಿ ಹೇಳಿದಳು. ಹೃದಯದ ಪೆಟ್ಟನ್ನು ಪತ್ತೆಮಾಡಲು ಆ ಪರೀಕ್ಷೆಯಲ್ಲಿ ಮೊಲದ ರಕ್ತದಿಂದ ತೆಗೆದ ಪ್ರತಿಕಾಯಗಳನ್ನು ಬಳಸುತ್ತಾರೆ. ವರ್ಷಗಟ್ಟಲೆ ಕಚ್ಚಿಸಿಕೊಂಡ ಗುನ್ವೋರಳ ರಕ್ತವೋ, ಮೊಲದ್ದೇನು ಕಂಡರೂ ಹೋಗಿ ಹಿಡಿದುಕೊಳ್ಳಲು ಕಲಿತುಬಿಟ್ಟಿದೆ. ಆ ಹಿಡಿತವನ್ನೇ ಯಂತ್ರ ಹೃದಯದ ಪೆಟ್ಟೆಂದು ಓದಿತ್ತು. ಮೊಲದ್ದರ ಬದಲು ಕೋಳಿಮೊಟ್ಟೆಯಿಂದ ತೆಗೆದ ಪ್ರತಿಕಾಯ ಹಾಕಿ ನೋಡಿದರೆ ಪೆಟ್ಟಿನ ಸುಳಿವೇ ಇಲ್ಲ. ಓಡಬಹುದು ಎಂದು ವೈದ್ಯರೂ ಹೇಳಿದ್ದಾರೆ.

ಗುನ್ವೋರ್ ಕುರ್ಚಿಯಿಂದ ಪುಟಿದೆದ್ದಳು. ರಾಗ್ನರನ ಮುಖ ಬಾಡಿತು.

"ಇನ್ನೊಂದು ಸಲ ನೋಡಬಾರದಾ? ಮೊಟ್ಟೆ ನಂಬಿ ಹೆಂಡತೀನ ಓಡಿಸೋಕಾಗುತ್ತಾ?"

ಇಷ್ಟೊಂದು ಅಕ್ಕರೆ ಇವನಲ್ಲಿ ಎಲ್ಲಿತ್ತೋ ಎಂದು ಗುನ್ವೋರಳ ಕಣ್ಣು ತೇವವಾಯಿತು. ಸಮಾಧಾನ ಮಾಡಲು ಅವನ ಕೈ ಹಿಡಿದಳು. ಹೆಬ್ಬೆರಳಿಗೆ ಬ್ಯಾಂಡೇಜಿತ್ತು.

"ಇದೇನಿದು?"

"ಬುಲ್ಲೆ ಕಚ್ಚಿದ್ದು. ನೀನು ಮಲಗಿದ್ದಾಗ ಅದರ ಜೊತೆ ಒಂಚೂರು ಓಡ್ತಿದ್ದೆ."

"ಓಡಿ?"

"ಶನಿವಾರಕ್ಕೆ ನಿನ್ನ ಹೆಸರು ತೆಗೆಸಿ ನನ್ನದು ಬರೆಸಿದೀನಿ. ಶೂನೂ ತಗೊಂಡಿದೀನಿ."

ಗುನ್ವೋರಳ ಕಣ್ಣು ಥಟ್ಟನೆ ಒಣಗಿತು. ಅವಳು ಹಿಡಿದ ಕೈ ಬಿಡದೆ ಅದನ್ನು ಸಿವ್ ಮುಂದೆ ಚಾಚಿದಳು.

"ಇವನ ರಕ್ತಾನೂ ತಗೊಳ್ಳಿ. ಮೊಟ್ಟೆ ಬೇಡ, ಹಳೇ ಪರೀಕ್ಷೆನೇ ಸಾಕು."